ಆರು ಮೆಟ್ಟಿಲ ಗಾಡಿ, ಒಂದು ಬಂಗಡೆ

ಪ್ರೀತಿಯ ಪಪ್ಪಾ,

ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ. ನಾಲ್ಕು ಸಾಲು ಆಗುವಷ್ಟರಲ್ಲಿ ನಿನ್ನ ದನಿ ಕೇಳಿತು: "ಇದೆಂತಾ ಬಾಯ್, ಬ್ಯಾಂಕಿನಿಂದ ಬಂದ ಕಾಗದದ ಹಾಂಗೆ ಅದೆ." ಹರಿದು ಹಾಕಿದೆ. ಮಗಳನ್ನು 'ಬಾಯ್' ಎನ್ನುವ ನಮ್ಮ ಮನೆಯಲ್ಲಿ ಕೊಂಕಣಿ, ನನ್ನ ಶಾಲೆಯಲ್ಲಿ ಇಂಗ್ಲಿಷ್, ಆದರೆ ನಿನ್ನ ಮೀನಿನ ಟೆಂಪೋ ಹತ್ತಿ ಕೂತರೆ ಮಾತ್ರ ಕನ್ನಡ. ನಿನಗೆ ಗಾಡಿ ಕಲಿಸಿದ ಉಸ್ತಾದ್ ಅಂಕೋಲೆಯವನು. ಹಾಗಾಗಿ ಗಾಡಿಯ ವಿಷಯ ಬಂದರೆ ನಿನ್ನ ಬಾಯಿಂದ ಬೇರೆ ಭಾಷೆ ಹೊರಡುತ್ತಲೇ ಇರಲಿಲ್ಲ. ಇದೂ ಗಾಡಿಯ ವಿಷಯವೇ. ಅದಕ್ಕೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ತಪ್ಪಿದ್ದಲ್ಲಿ ಹಾರ್ನ್ ಹೊಡಿ.

ನನಗೆ ಮದುವೆಯಾಯಿತು ಪಪ್ಪಾ! ಗೊತ್ತು, ಆಯಿ ನಿನ್ನ ಫೋಟೊದ ಎದುರು ನಿಂತು ಹೇಳಿದ್ದಾಳೆ. ಆದರೆ ಆಯಿ ಹೇಗೆ ಹೇಳಿರುತ್ತಾಳೆ? "ಹುಡುಗ ಕೇಣಿಯವನು, ಮೀನಿನ ವ್ಯಾಪಾರ, ಮನೆಯವರು ಒಳ್ಳೆಯವರು." ಮುಗಿಯಿತು. ನನ್ನ ಗಂಡ ಸಂತೋಷ ನಕ್ಕರೆ ಅವನ ಎರಡೂ ಕಣ್ಣು ಮುಚ್ಚಿಹೋಗುತ್ತವೆ ಎಂದು ಹೇಳಿದಳೇ? ಬೆಳಿಗ್ಗೆ ಮೀನಿಗೆ ಮಂಜುಗಡ್ಡೆ ತುಂಬಿ, ತಣ್ಣಗಾದ ಕೈಯನ್ನು ತಂದು ಮಲಗಿದ್ದವಳ ಕೆನ್ನೆಗೆ ಇಟ್ಟು ಓಡಿಹೋಗುತ್ತಾನೆ ಎಂದು ಹೇಳಿದಳೇ? ಅದನ್ನು ಆಯಿಗೆ ನಾನೂ ಹೇಳಿಲ್ಲ ಬಿಡು. ನಿನಗೆ ಮಾತ್ರ. ನೀನು ಇದ್ದಿದ್ದರೆ ಅವನನ್ನು ನೋಡಿ ಮೊದಲು ಏನು ಕೇಳುತ್ತಿದ್ದೆ ಎಂದೂ ನನಗೆ ಗೊತ್ತು. ಜಾತಕ ಅಲ್ಲ, ಸಂಪಾದನೆ ಅಲ್ಲ. "ಏರಿನಲ್ಲಿ ಗಾಡಿ ನಿಲ್ಲಿಸಿ ಹೊರಡ್ಸೂಕೆ ಬರ್ತದಾ?" ಅಷ್ಟೇ.

ಆ ಏರು ನೆನಪಿದೆಯಲ್ಲ, ಚೆಂಡಿಯಾ ಊರಿನ ಏರು. ಶಾಂತಕ್ಕನ ಸಮುದ್ರದ ಬದಿಯ ಜಾಗ ನೇವಿಯ ನೆಲೆಗೆ ಹೋದ ಮೇಲೆ ಅವಳಿಗೆ ಗುಡ್ಡದ ಬದಿಯಲ್ಲಿ ಮನೆಯಾಯಿತು. ನಿನ್ನ ಅಕ್ಕನಾದರೂ ಅವಳು ಊರಿಗೆಲ್ಲ, ನನಗೂ ಸೇರಿ, ಶಾಂತಕ್ಕನೇ. "ಮೊದ್ಲು ಕಿಟಕಿ ತೆಗೆದ್ರೆ ಸಮುದ್ರ ಕಾಣ್ತಿತ್ತು, ಈಗ ನೀವು ಗಾಡಿ ಹಾಳು ಮಾಡೂದು ಕಾಣ್ತದೆ" ಎನ್ನುತ್ತಿದ್ದಳು. ಯಾಕೆಂದರೆ ನೀನು ನನಗೆ ಗಾಡಿ ಕಲಿಸಿದ್ದು ಅವಳ ಮನೆಯ ಕೆಳಗಿನ ಆ ಏರಿನಲ್ಲೇ. ಅರ್ಧದಲ್ಲಿ ಗಾಡಿ ನಿಲ್ಲಿಸಬೇಕು. ಆಮೇಲೆ ಒಂದು ಕೂದಲೆಳೆಯಷ್ಟೂ ಹಿಂದೆ ಜಾರದೆ ಹೊರಡಬೇಕು. ಬೇರೆಯವರು ಹಿಂದಿನ ಚಕ್ರದ ಹಿಂದೆ ಕಲ್ಲು ಇಡುತ್ತಾರೆ, ಬೆಂಕಿಪೊಟ್ಟಣ ಇಡುತ್ತಾರೆ. ನೀನು ಸಾಗವಾನಿ ಎಲೆ ಹಾಸಿ ಅದರ ಮೇಲೆ ಒಂದು ತಾಜಾ ಬಂಗಡೆ ಮೀನು ಇಡುತ್ತಿದ್ದೆ! "ಕಲ್ಲು ಇಟ್ರೆ ಜಾರೂಕೆ ಧೈರ್ಯ ಬರ್ತದೆ. ಬಂಗಡೆ ಇಟ್ರೆ ಹೊಟ್ಟೆ ಉರೀತದೆ, ಆಗ ಕಾಲು ಕಲೀತದೆ." ಅದಕ್ಕೊಂದು ಕಾನೂನು ಬೇರೆ. ಇಡಿಯಾಗಿ ಉಳಿದ ಬಂಗಡೆ ಗಾಡಿ ಬಿಟ್ಟವಳಿಗೆ, ಚಪ್ಪಟೆಯಾದದ್ದು ಉಸ್ತಾದನಿಗೆ.

ಆ ಮಳೆಗಾಲದ ಮುಂಚಿನ ಭಾನುವಾರಗಳಲ್ಲಿ ನೀನು ಎಷ್ಟು ಚಪ್ಪಟೆ ಬಂಗಡೆ ತಿಂದೆ ಪಪ್ಪಾ? ಶಾಂತಕ್ಕ ಅದನ್ನು ತೊಳೆದು, ಮುಳ್ಳು ಮಾಂಸ ಒಂದಾದದ್ದನ್ನು ಹೇಗೋ ಮಸಾಲೆ ಹಚ್ಚಿ ಎಣ್ಣೆಯಲ್ಲಿ ಕಾಯಿಸಿ ನಿನ್ನ ತಟ್ಟೆಗೆ ಹಾಕುತ್ತಿದ್ದಳು. ನೀನು ಒಂದೊಂದೇ ಮುಳ್ಳು ಬಿಡಿಸುತ್ತ, "ಇವತ್ತಿಂದು ಹೋದ ವಾರದ್ದಕ್ಕಿಂತ ದಪ್ಪ ಅದೆ, ಕಲೀತಾ ಬಂದೆ" ಎನ್ನುತ್ತಿದ್ದೆ. ನನ್ನ ತಟ್ಟೆಯಲ್ಲಿ ಬೇರೆ ಒಳ್ಳೆಯ ಮೀನು ಇರುತ್ತಿತ್ತು. ನಾನು ಒಮ್ಮೆಯೂ ಇಡೀ ಬಂಗಡೆ ಗೆಲ್ಲಲಿಲ್ಲ. ನೀನು ಒಮ್ಮೆಯೂ ಬೈಯಲಿಲ್ಲ. ಇಲ್ಲ, ಬೈಯುತ್ತಿದ್ದೆ, ಒಂದೇ ಒಂದು ವಿಷಯಕ್ಕೆ. ಗೇರ್ ಹಾಕಿದ ಮೇಲೂ ನನ್ನ ಎಡಗಾಲು ಕ್ಲಚ್ ಮೇಲೇ ಕೂತಿರುತ್ತಿತ್ತು. "ಕಾಲು ಮನೆಗೆ!" ಎಂದು ಕೂಗುತ್ತಿದ್ದೆ. ಕ್ಲಚ್ಚಿನ ಎಡಕ್ಕೆ ಖಾಲಿ ಜಾಗ ಇದೆಯಲ್ಲ, ಅದು ಕಾಲಿನ ಮನೆ. "ಕೆಲಸ ಮುಗೀತು ಅಂದ್ರೆ ಮನೆಗೆ ಹೋಗ್ಬೇಕು. ಅಲ್ಲೇ ನಿಂತ್ಕಂಡು ಹರಟೆ ಹೊಡೆದ್ರೆ ಪ್ಲೇಟ್ ಸುಡ್ತದೆ."

ಆಮೇಲೆ ನನ್ನ ಸ್ಕೂಟರ್ ಜಾರಿತು. ಕೋಡಿಬಾಗದ ತಿರುವಿನಲ್ಲಿ, ಮೊದಲ ಮಳೆಗೆ. ಎಡಪಾದದ ಗಂಟಿಗೆ ರಾಡ್ ಹಾಕಿದರು. ನಡೆಯಲು ಬಂತು, ಓಡಲು ಸ್ವಲ್ಪ ತಡವಾಗಿ ಬಂತು, ಆದರೆ ಕ್ಲಚ್ ಒತ್ತಿದರೆ ಹಿಮ್ಮಡಿಯಿಂದ ತಲೆಯವರೆಗೆ ನೋವು. ನೋಡಲು ಬಂದವರೆಲ್ಲ ನನ್ನ ಕಾಲನ್ನೇ ನೋಡಿದರು. "ಪಾಪ, ಇನ್ನು ಗಾಡಿ ಗೀಡಿ ಬೇಡ ಅವ್ಳಿಗೆ" ಎಂದರು. ನೀನು ಅವರಿಗೆ ಚಹ ಕೊಟ್ಟು ಕಳಿಸಿ ನನ್ನ ಹತ್ತಿರ ಬಂದು, "ಕ್ಲಚ್ ಇಲ್ಲದ ಗಾಡಿ ಬರ್ತದಂತೆ ಬಾಯ್, ನೋಡ್ಕಂಡು ಬರ್ವಾ" ಎಂದೆ. ಹಾಗೆಂದು ಮಾತ್ರ ಹೇಳಿದೆ. ಆದರೆ ನಿನ್ನ ಮುಖ ಅರಳಿತ್ತು. ಹೊಸ ಬಲೆ ಕೊಳ್ಳಲು ಹೊರಟವರ ಮುಖದ ಹಾಗೆ.

ಆ ಬಿಳಿ ಕಾರು ನೆನಪಿದೆಯಾ? ಪಕ್ಕದ ಓಣಿಯ ನಿವೃತ್ತ ಮಾಸ್ತರರು ಮಾರಲು ಇಟ್ಟಿದ್ದ ಹಳೆಯ ಸಣ್ಣ ಆಟೊಮ್ಯಾಟಿಕ್. ನಾಲ್ಕು ಗೇರ್. ನಾನು ಪಕ್ಕದಲ್ಲಿ ಕೂತೆ, ನೀನು ಬಿಟ್ಟೆ. ಹೆದ್ದಾರಿಯಲ್ಲಿ ಚೆನ್ನಾಗೇ ಹೋಯಿತು, ನಾನು ಆಗಲೇ ಮನಸ್ಸಿನಲ್ಲಿ ಅದಕ್ಕೆ ಹೆಸರಿಟ್ಟಾಗಿತ್ತು. ಚೆಂಡಿಯಾದ ಏರಿಗೆ ಬಂದಾಗ ಅದರ ಬಣ್ಣ ಗೊತ್ತಾಯಿತು. ಮೇಲಿನ ಗೇರಿನಲ್ಲಿ ಉಬ್ಬಸ ಬಂದವರ ಹಾಗೆ ಏದುಸಿರು. ಒಂದು ಗೇರ್ ಕೆಳಗೆ ಬಂದರೆ ಕೋಳಿ ಹಿಡಿದ ಹಾಗೆ ಕಿರುಚು. ಮತ್ತೆ ಮೇಲೆ, ಮತ್ತೆ ಕೆಳಗೆ. ಅತ್ತ ಹೋಗಲೋ ಇತ್ತ ಹೋಗಲೋ ಎಂದು ಅಲ್ಲೇ ಒದ್ದಾಡಿತು. ನೀನು ಗಾಡಿ ಬದಿಗೆ ಹಾಕಿ, ಶಾಂತಕ್ಕನ ಮನೆಯ ಮೆಟ್ಟಿಲು ತೋರಿಸಿದೆ.

"ನೋಡು. ಅವ್ಳ ಮನೆ ಮೆಟ್ಟಿಲು ನಾಲ್ಕೇ. ಒಂದೊಂದು ಮೊಣಕಾಲಿನ ಎತ್ತರ. ಉದ್ದ ಕಾಲಿನವ್ರಿಗೆ ತೊಂದ್ರೆ ಇಲ್ಲ. ಸಣ್ಣ ಕಾಲಿನವ್ರು ಒಂದು ಹತ್ತಿ ಏದ್ತಾರೆ, ಇನ್ನೊಂದು ಹತ್ತೂಕಾಗದೆ ಇಳೀತಾರೆ. ಅದೇ ಎತ್ತರಕ್ಕೆ ಆರು ಮೆಟ್ಟಿಲು ಕಟ್ಟಿದ್ರೆ?"

"ಅಜ್ಜಿಯೂ ಹತ್ತುತ್ತಾಳೆ" ಎಂದೆ ನಾನು, ಸಿಟ್ಟಿನಲ್ಲೇ.

"ಅಷ್ಟೇಯ. ದೊಡ್ಡ ಇಂಜಿನ್ನಿಗೆ ಉದ್ದ ಕಾಲು, ಹ್ಯಾಂಗೂ ಹತ್ತಿ ಹೋಗ್ತದೆ. ಮೆಟ್ಟಿಲು ಜಾಸ್ತಿ ಬೇಕಾದದ್ದು ಸಣ್ಣ ಗಾಡಿಗೆ. ಆದ್ರೆ ಕೊಡೂದು ದೊಡ್ಡವ್ರ ಗಾಡಿಗೆ! ಸಣ್ಣದಕ್ಕೆ ಯಾರು ಕೊಡ್ತಾರೆ ಆರು ಗೇರ್? ನಮ್ಮ ಕಾಲದಲ್ಲಂತೂ ಆಗೂದಿಲ್ಲ." ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಹೇಳಿದೆ. "ನಿನ್ನ ಕಾಲಿಗೆ ಎಂತಾ ಆಗ್ಲಿಲ್ಲ ಬಾಯ್. ಗಾಡಿಗೆ ಮೆಟ್ಟಿಲು ಕಡಿಮೆ ಅದೆ. ಮೆಟ್ಟಿಲು ಸರಿ ಆದ ದಿನ ತಗೊಳ್ವಾ."

ಅವತ್ತು ನನಗೆ 'ಬೇಡ' ಎನ್ನುವುದೊಂದೇ ಕೇಳಿಸಿತು. ಇಡೀ ದಾರಿ ಅತ್ತುಕೊಂಡು ಬಂದೆ. ಆದರೆ ಈಗ ನೋಡು, ಆ ಮಾತನ್ನು ಎಷ್ಟು ಸಲ ನೆನೆದಿದ್ದೇನೆ ಅಂದರೆ… ಊರೆಲ್ಲ ನನ್ನ ಕಾಲನ್ನು ಅಳೆಯುತ್ತಿದ್ದಾಗ ನೀನೊಬ್ಬ ಗಾಡಿಯನ್ನು ಅಳೆದೆ. ಕೊರತೆ ನನ್ನಲ್ಲಿ ಹುಡುಕಲಿಲ್ಲ, ಗೇರಿನ ಡಬ್ಬಿಯಲ್ಲಿ ಹುಡುಕಿದೆ. ಇದಕ್ಕೆ ನಾನು ಥ್ಯಾಂಕ್ಸ್ ಹೇಳಿದ್ದೆನೇ? ಇಲ್ಲ. ಮರುವರ್ಷ ಆ ಎದೆನೋವು ಬಂತು, ಆಸ್ಪತ್ರೆಯ ದಾರಿಯಲ್ಲೇ ನೀನು… ಅದನ್ನು ಬರೆಯುವುದಿಲ್ಲ. ಇದು ಖುಷಿಯ ಪತ್ರ.

ಸಂತೋಷ ನನ್ನನ್ನು ನೋಡಲು ಬಂದ ದಿನ ಎಲ್ಲರೂ ನಮ್ಮಿಬ್ಬರನ್ನು ಹಿತ್ತಲಿಗೆ ಕಳಿಸಿದರು. ಮಾತಾಡಿ ಎಂದರು. ಅವನು ಹಿತ್ತಲಾಚೆಯ ಕಾಳಿ ನದಿಯನ್ನು ನೋಡಿದ, ನಾನು ಅವನ ಚಪ್ಪಲಿಯನ್ನು ನೋಡಿದೆ. ಕೊನೆಗೆ ಅವನೇ, "ಗಾಡಿ ಬಿಡೂಕೆ ಬರ್ತದಾ?" ಎಂದ. ಪಪ್ಪಾ, ಅಷ್ಟು ಸಾಕಾಯಿತು ನನಗೆ! ಬಂಗಡೆ, ಏರು, ರಾಡ್, ಮಾಸ್ತರರ ಬಿಳಿ ಕಾರು, ನಾಲ್ಕು ಮೆಟ್ಟಿಲು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವನು ನಕ್ಕು ನಕ್ಕು ಚಹ ಅಂಗಿಯ ಮೇಲೆ ಚೆಲ್ಲಿಕೊಂಡ. ಕಣ್ಣು ಎರಡೂ ಮುಚ್ಚಿಹೋದವು. ಒಳಗೆ ಬಂದು ಅವನ ಅಮ್ಮನಿಗೆ ಹೇಳಿದ್ದು ಒಂದೇ ಮಾತು: "ಅಮ್ಮಾ, ಇವ್ಳಪ್ಪ ಚಕ್ರದ ಅಡಿಗೆ ಬಂಗಡೆ ಇಡ್ತಿದ್ನಂತೆ!" ನನ್ನ ಅತ್ತೆ, ಕೇಣಿಯಲ್ಲಿ ಮೀನು ಒಣಗಿಸಿ ಮಾರುವವಳು, ಮೂಗಿನ ಮೇಲೆ ಬೆರಳಿಟ್ಟು, "ತಿನ್ನೂ ವಸ್ತು! ಎಂತಾ ಜನವೋ" ಎಂದಳು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ.

ಮದುವೆಯಾದ ಮೇಲೆ ಸಂತೋಷ ಕಾರು ಹುಡುಕಲು ಹೊರಟ. ಅವನಿಗೆ ವ್ಯಾಪಾರದ ವ್ಯಾನ್ ಇದೆ, ಇದು ಮನೆಗೆ. ಮೊದಲು ಅವನ ಸ್ನೇಹಿತನ ಗಾಡಿಯೊಂದನ್ನು ಬಿಟ್ಟು ನೋಡಿದೆವು. ಕ್ಲಚ್ ಪೆಡಲ್ ಇಲ್ಲ, ಆದರೆ ಒಳಗೆ ಕ್ಲಚ್ ಇದೆ, ಯಂತ್ರವೇ ಅದನ್ನು ಒತ್ತುತ್ತದೆ. ನಿನಗೆ ಇದು ಇಷ್ಟವಾಗುತ್ತಿತ್ತೋ ಏನೋ. ಗೇರ್ ಬದಲಾದಾಗಲೆಲ್ಲ ಒಂದು ಗಳಿಗೆ ಯೋಚನೆ ಮಾಡುತ್ತದೆ, ಆಗ ನಮ್ಮಿಬ್ಬರ ತಲೆ ಮುಂದೆ ಹೋಗಿ ಹಿಂದೆ ಬರುತ್ತದೆ. ಅಂಕೋಲೆ ಪೇಟೆಯಿಡೀ ನಾವು ಹೂಂ, ಹೂಂ, ಹೂಂ ಎಂದು ತಲೆಯಾಡಿಸಿಕೊಂಡು ಹೋದೆವು. ಎದುರು ಬಂದವರು ತಮಗೇ ನಮಸ್ಕಾರ ಮಾಡುತ್ತಿದ್ದೇವೆ ಎಂದುಕೊಂಡು ಅವರೂ ತಲೆಯಾಡಿಸಿದರು! ಸಿಟ್ಟು ಬರಬೇಕಾದಲ್ಲಿ ನಗು ಬಂತು. ಹೊಸ ಮದುವೆಯಲ್ಲಿ ಎಲ್ಲದಕ್ಕೂ ನಗುವೇ ಬರುತ್ತದಾ ಪಪ್ಪಾ? ನಿನಗೂ ಆಯಿಗೂ ಹೀಗೇ ಇತ್ತಾ?

ಒಂದು ಮಧ್ಯಾಹ್ನ ಅವನು ಕಾರವಾರದಿಂದ ಫೋನ್ ಮಾಡಿದ. ಹಿಂದೆ ಲಾರಿಗಳ ಸದ್ದು. "ಏಯ್, ನಿನ್ನಪ್ಪನ ಮೆಟ್ಟಿಲು ಸಿಕ್ತು!" ಎಂದು ಕಿರುಚಿದ. ನನಗೆ ಏನೂ ಅರ್ಥವಾಗಲಿಲ್ಲ. "ಸಣ್ಣ ಗಾಡಿಯೇಯ. ಪೂರಾ ಆಟೊಮ್ಯಾಟಿಕ್. ಆರು ಗೇರ್! ನಾನು ಎಣಿಸಿ ಎಣಿಸಿ ಕೇಳ್ದೆ. ಮಾರೂ ಹುಡುಗ ಬಣ್ಣ ಯಾವ್ದು ಬೇಕು ಅಂತಾನೆ, ನಾನು ಮೆಟ್ಟಿಲು ಎಷ್ಟು ಅಂತೇನೆ!" ನಾನು ಫೋನ್ ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತುಬಿಟ್ಟೆ. ಅವನು ನಿನ್ನನ್ನು ನೋಡಿಯೇ ಇಲ್ಲ. ಹಿತ್ತಲಲ್ಲಿ ನಾನು ಒಂದೇ ಉಸಿರಿಗೆ ಹೇಳಿದ್ದನ್ನು ಅಷ್ಟು ದಿನ ಜೋಪಾನ ಮಾಡಿಟ್ಟುಕೊಂಡಿದ್ದ. ಅತ್ತೆ ಬಂದು, "ಎಂತಾ ಆಯ್ತೇ, ಅಳ್ತಿಯಾ ನಗ್ತಿಯಾ, ಯಾವ್ದಾದ್ರೂ ಒಂದು ಮಾಡು" ಎಂದಳು.

ಗಾಡಿ ಮನೆಗೆ ಬಂದ ದಿನದ ಕತೆ ಕೇಳು. ಕೇಣಿಯಲ್ಲಿ ಹೊಸ ದೋಣಿ ಬಂದರೆ ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿ, ಮೂತಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಸಮುದ್ರದ ನೀರು ಚಿಮುಕಿಸುತ್ತಾರಲ್ಲ. ಅತ್ತೆಯ ಪ್ರಕಾರ ಕಾರೂ ಒಂದು ದೋಣಿಯೇ. "ನೀರು ಮುಟ್ಟಿಸ್ದೆ ಯಾವ್ದನ್ನೂ ನಮ್ಮನೇಲಿ ಶುರು ಮಾಡೂದಿಲ್ಲ." ನಾನೇ ಬಿಡಬೇಕು ಎಂದರು, ಹೊಸ ಸೊಸೆ, ಹೊಸ ಗಾಡಿ. ರೇಷ್ಮೆ ಸೀರೆ ಉಟ್ಟು ಕೂತು ದಂಡೆಯವರೆಗೆ ಬಿಟ್ಟೆ. ಇನ್ನೂ ಮುಂದೆ, ಇನ್ನೂ ಮುಂದೆ ಎಂದು ಅತ್ತೆ ಕೈ ಬೀಸುತ್ತಲೇ ಇದ್ದಳು. ಮುಂದಿನ ಎರಡೂ ಚಕ್ರ ಮರಳಿನಲ್ಲಿ ಕೂತವು.

ಅಲ್ಲಿದ್ದವರೆಲ್ಲ ದೋಣಿ ಎಳೆದು ಕೈ ಪಳಗಿದವರು. ಅವರಿಗೆ ಇದೊಂದು ಲೆಕ್ಕವೇ? ಬಲೆ ಬಿಟ್ಟು ಓಡಿಬಂದರು. ಸಂತೋಷ ಕಿಟಕಿಯಲ್ಲಿ ತಲೆ ಹಾಕಿ, "ನ್ಯೂಟ್ರಲ್ ಹಾಕು, ಸುಮ್ನೆ ಕೂತ್ಕ" ಎಂದ. ಹಾಕಿದೆ. "ಐಸಾ… ಐಸಾ…" ಎಂದು ಹಿಂದಕ್ಕೆ ದೂಡಿದರು. ಗಾಡಿ ಮಿಸುಕಲಿಲ್ಲ. ಇನ್ನೂ ನಾಲ್ಕು ಜನ ಬಂದರು. "ಐಸಾ!" ಊಹೂಂ. "ಎಂತಾ ಗಾಡಿ ಮಾರಾಯಾ ಇದು, ದೋಣಿಗಿಂತ ಭಾರ" ಎಂದು ಒಬ್ಬ ಸೊಂಟ ಹಿಡಿದುಕೊಂಡು ನಿಂತ. ಆಗ ಹಿಂದೆ ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆ ಕೂಗಿದಳು. "ಏ ತಂಗಿ! ಹಿಂದೆ ಕೆಂಪು ದೀಪ ಎಂತಕ್ಕೆ ಹತ್ತಿಕಂಡದೆ?"

ಪಪ್ಪಾ, ಎಡಗಾಲು! ಗಾಡಿ ದೂಡುವಾಗ ಕ್ಲಚ್ ಒತ್ತಿ ಹಿಡಿಯಬೇಕು ಎಂದು ನೀನು ಕಲಿಸಿದ್ದೆಯಲ್ಲ. ನೋವಿದ್ದರೂ ಅದು ತಾನಾಗಿ ಹೋಗಿ ಅಗಲದ ಬ್ರೇಕ್ ಪೆಡಲ್ಲನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಕೇಣಿಯ ಅರ್ಧ ಗಂಡಸರು ಒಂದು ಕಡೆ, ನಿನ್ನ ಮಗಳ ಒಂದು ಕಾಲು ಇನ್ನೊಂದು ಕಡೆ. ಗೆದ್ದದ್ದು ಯಾರು ಹೇಳು! ರಾಡ್ ಹಾಕಿದ ಕಾಲು ಎಂದು ಕನಿಕರ ಪಟ್ಟವರನ್ನೆಲ್ಲ ಕರೆದು ತೋರಿಸಬೇಕಿತ್ತು. ಕಾಲು ತೆಗೆದೆ. ಗಾಡಿ ಒಮ್ಮೆಲೇ ಹಿಂದಕ್ಕೆ ಹಾರಿತು, ದೂಡುತ್ತಿದ್ದವರು ಸಾಲಾಗಿ ಮರಳಿನ ಮೇಲೆ ಬಿದ್ದರು. ದಂಡೆಯಿಡೀ ನಗು.

ಅತ್ತೆ ಮಾತ್ರ ನಗಲಿಲ್ಲ. ಮನೆಗೆ ಬಂದು ತಟ್ಟೆ ಕೆಳಗಿಟ್ಟು, "ನಿನ್ನ ಕಾಲು ಯಾವ್ದರ ಮೇಲೆ ಹೋಗ್ತದೆ ಅಂತ ನಿಂಗೇ ಗೊತ್ತಿಲ್ಲ. ನಾ ಕೂರೂದಿಲ್ಲ ನಿನ್ನ ಗಾಡೀಲಿ" ಎಂದಳು. ಕೋಪವಲ್ಲ, ಹೆದರಿಕೆ. ಆಮೇಲೆ ಬೇಕೆಂದೇ ಬಸ್ಸಿಗೇ ಹೋದಳು. ಭಾನುವಾರ ಕಾರವಾರದ ಸಂತೆಗೆ ಒಣಮೀನಿನ ಬುಟ್ಟಿ ಒಯ್ಯುವಾಗ ಕಂಡಕ್ಟರ್ ಮುಖ ಸಿಂಡರಿಸುತ್ತಾನೆ, ಪಕ್ಕದವರು ಸೆರಗು ಮೂಗಿಗೆ ಹಿಡಿಯುತ್ತಾರೆ. ಅಂಗಳದಲ್ಲಿ ಗಾಡಿ ನಿಂತಿದೆ, ಗಾಡಿಗೆ ಆರು ಮೆಟ್ಟಿಲಿದೆ, ಆದರೂ ಅವಳು ಬುಟ್ಟಿ ಹೊತ್ತು ಬಸ್ ಸ್ಟಾಪಿಗೆ ನಡೆಯುತ್ತಾಳೆ. ನನಗೆ ಬೇರೆ ಏನೂ ಬೇಕಿರಲಿಲ್ಲ ಪಪ್ಪಾ. ಅವಳು ಒಮ್ಮೆ ನನ್ನ ಪಕ್ಕ ಬಂದು ಕೂರಬೇಕು. ಅಷ್ಟಾದರೆ ನಾನು ಆ ಮನೆಯವಳಾದೆ ಎಂದು ನನಗೆ ಅನಿಸುತ್ತಿತ್ತು. ಯಾಕೋ ಗೊತ್ತಿಲ್ಲ.

ದಿನಾ ಸಂಜೆ ದೇವಸ್ಥಾನದ ಬಯಲಿನಲ್ಲಿ ಅಭ್ಯಾಸ ಮಾಡಿದೆ. ಎಡಗಾಲಿನದ್ದೇ ಅಭ್ಯಾಸ, ಏನೂ ಮಾಡದೆ ಇರುವುದರ ಅಭ್ಯಾಸ. ಎಷ್ಟು ಕಷ್ಟ ಗೊತ್ತಾ ಅದು! ಸಂತೋಷ, "ಕಾಲು ಕಟ್ಟಿಹಾಕ್ವಾ?" ಎಂದ. ಆಗ ನಿನ್ನ ಮಾತು ನೆನಪಾಯಿತು. ಗಾಡಿಗೆ ಕೂತ ಕೂಡಲೇ ಜೋರಾಗಿ, "ಕಾಲು ಮನೆಗೆ!" ಎಂದೆ. ಕಾಲು ತಟ್ಟನೆ ಎಡಕ್ಕೆ ಸರಿದು ಕೂತಿತು. ಅದಕ್ಕೆ ನಿನ್ನ ದನಿ ಗೊತ್ತು ಪಪ್ಪಾ. ನನ್ನ ಬಾಯಿಂದ ಬಂದರೂ ನಿನ್ನದೇ ಎಂದು ಗೊತ್ತು. ಆ ದಿನದಿಂದ ಅದು ಬ್ರೇಕಿನ ಕಡೆಗೆ ತಿರುಗಿ ನೋಡಿಲ್ಲ. ಕ್ಲಚ್ ಇರುವ ಗಾಡಿಯ ಪಾಠ ಕ್ಲಚ್ ಇಲ್ಲದ ಗಾಡಿಗೂ ಆದೀತು ಎಂದು ನೀನು ಎಣಿಸಿದ್ದೆಯಾ?

ಹೋದ ಭಾನುವಾರ ಬೆಳಿಗ್ಗೆ ನಾನು ಅಂಗಳದಲ್ಲಿ ಗಾಡಿ ಒರೆಸುತ್ತಿದ್ದೆ. ಅತ್ತೆ ಬುಟ್ಟಿಗಳನ್ನು ತಂದು ಸುಮ್ಮನೆ ಗಾಡಿಯ ಹಿಂದೆ ಇಟ್ಟಳು. ನನ್ನ ಮುಖ ನೋಡಲಿಲ್ಲ. "ನಾ ಹಿಂದೆ ಕೂತ್ಕಂತೆ. ಮುಂದೆ ಅಲ್ಲ. ಚೆಂಡಿಯಾದ ಏರಿನ ಮೇಲಿಂದ ಹೋಗು." ಅವಳ ಕೈಯಲ್ಲಿ ಸಾಗವಾನಿ ಎಲೆಯ ಸಣ್ಣ ಪೊಟ್ಟಣವೊಂದಿತ್ತು. ಏನದು ಎಂದು ಕೇಳದೆ ಗಾಡಿ ಹೊರಡಿಸಿದೆ. ಹೆದ್ದಾರಿ ಹಿಡಿದ ಮೇಲೆ ಗಾಡಿ ಒಂದೊಂದೇ ಮೆಟ್ಟಿಲು ಹತ್ತಿ ಆರನೆಯದಕ್ಕೆ ಹೋಗಿ ತಣ್ಣಗಾಯಿತು. ಇಂಜಿನ್ ಇದೆಯೋ ಇಲ್ಲವೋ ಎನ್ನುವಷ್ಟು ಸದ್ದು. ಹಿಂದಿನಿಂದ ಅತ್ತೆ, "ತಂಗಿ, ಬಂದ್ ಬಿತ್ತಾ?" ಎಂದಳು. "ಇಲ್ಲ ಅತ್ತೆ, ಆರಾಮಾಗಿದೆ." ಸ್ವಲ್ಪ ಹೊತ್ತಿಗೆ ಮತ್ತೆ, "ಈಗ ಬಂದ್ ಬಿತ್ತಾ?" ನಿನ್ನ ಟೆಂಪೋದಲ್ಲಿ ಕೂಗಿ ಕೂಗಿ ಮಾತಾಡಿ ಬೆಳೆದವಳು ನಾನು. ಆ ನಿಶ್ಶಬ್ದ ನನಗೂ ಹೊಸತೇ.

ಶಾಂತಕ್ಕನ ಮನೆಯ ಏರಿನ ಅರ್ಧಕ್ಕೆ ಬಂದಾಗ, "ನಿಲ್ಸು" ಎಂದಳು. ಇಳಿದಳು. ಎಲೆ ಬಿಚ್ಚಿ, ಹಿಂದಿನ ಚಕ್ರದ ಹಿಂದೆ ಹಾಸಿ, ಅದರ ಮೇಲೆ ಬಂಗಡೆ ಇಟ್ಟಳು. ಅದೇ ಬೆಳಿಗ್ಗೆ ಬಂದ ಮೀನು, ಬೆನ್ನು ಇನ್ನೂ ಹಸಿರಾಗಿ ಹೊಳೆಯುತ್ತಿತ್ತು. "ನಿನ್ನಪ್ಪನ ಪರೀಕ್ಷೆ ಆಗ್ಲಿ. ಬಂಗಡೆ ಉಳಿದ್ರೆ ನಾ ಮುಂದೆ ಕೂತ್ಕಂತೆ, ಇಲ್ಲಾಂದ್ರೆ ಇಲ್ಲಿಂದ್ಲೇ ಬಸ್ಸು." ಮೇಲೆ ಶಾಂತಕ್ಕನ ಕಿಟಕಿ ತೆರೆಯಿತು. "ಅಯ್ಯೋ ದೇವ್ರೇ, ಮತ್ತೆ ಶುರುವಾಯ್ತಾ!"

ಈ ಗಾಡಿ ಏರಿನಲ್ಲಿ ಸ್ವಲ್ಪ ಹೊತ್ತು ತಾನೇ ಹಿಡಿದು ನಿಲ್ಲುತ್ತದೆ. ಸ್ವಲ್ಪವೇ ಹೊತ್ತು. ನಾನು ಬ್ರೇಕಿನಿಂದ ಬಲಗಾಲು ತೆಗೆದೆ, ಸರಿಯಾಗಿ ಆಗಲೇ ಮೇಲಿನಿಂದ ಒಂದು ಸ್ಕೂಟರ್ ಇಳಿಯಿತು. ಹೋಗಲೋ ನಿಲ್ಲಲೋ? ಎಡಗಾಲು ಎದ್ದಿತು ಪಪ್ಪಾ. ನಿಜವಾಗಿ ಎದ್ದಿತು. ಹಿಂದೆ ರಸ್ತೆಯ ಬದಿಯಲ್ಲಿ ನಿಂತಿದ್ದ ಅತ್ತೆ ಕಿರುಚಿದಳು: "ಕಾಲು ಮನೆಗೇ!" ಅಷ್ಟು ದಿನ ಬಯಲಿನ ಆಚೆ ನಿಂತು ನನ್ನ ಅಭ್ಯಾಸ ನೋಡುತ್ತಿದ್ದಳೇ ಹಾಗಾದರೆ? ಕಾಲು ಮನೆಗೆ ಹೋಯಿತು. ಬಲಗಾಲು ತಾನು ಮಾಡಬೇಕಾದದ್ದನ್ನು ಮಾಡಿತು. ಗಾಡಿ ಹಿಂದೆ ಸರಿಯಲಿಲ್ಲ, ಹಾರಲಿಲ್ಲ, ಏಳುವ ಮನುಷ್ಯನ ಹಾಗೆ ಎದ್ದು ಹೊರಟಿತು. ಮೊದಲ ಮೆಟ್ಟಿಲು, ಎರಡನೆಯದು. ತಿರುವಿನಲ್ಲಿ ಒಂದು ಇಳಿಯಿತು, ನೇರವಾದ ಮೇಲೆ ಮತ್ತೆ ಹತ್ತಿತು. ಕಿರುಚಾಟವಿಲ್ಲ, ಒದ್ದಾಟವಿಲ್ಲ. ಮಾಸ್ತರರ ಬಿಳಿ ಕಾರು ಏದುಸಿರು ಬಿಟ್ಟ ಜಾಗದಲ್ಲಿ ನಾನು ಉಸಿರು ಹಿಡಿದು ಕಿವಿಗೊಟ್ಟೆ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ಏನೂ ಕೇಳಲಿಲ್ಲ. ನೀನು ಹೇಳಿದ್ದು ನಿಜ. ಸಣ್ಣ ಗಾಡಿಗೇ ಬೇಕು. ಒಂದು ವಿಷಯದಲ್ಲಿ ಮಾತ್ರ ನೀನು ತಪ್ಪಿದೆ. ಕೊಡುವವರು ಕೊಟ್ಟರು ಪಪ್ಪಾ, ನಮ್ಮ ಕಾಲದಲ್ಲೇ ಕೊಟ್ಟರು. ನೀನು ಇನ್ನೊಂದು ಚೂರು ಕಾದಿದ್ದರೆ…

ಗಾಡಿ ನಿಲ್ಲಿಸಿ ಇಳಿದು ಓಡಿದೆ. ಹೌದು, ಓಡಿದೆ! ಅತ್ತೆ ಬಂಗಡೆಯನ್ನು ಬಾಲದಲ್ಲಿ ಹಿಡಿದು ಎತ್ತಿ, ಆ ಕಡೆ ಈ ಕಡೆ ತಿರುಗಿಸಿ, ಸಂತೆಯಲ್ಲಿ ಗಿರಾಕಿ ನೋಡುವ ಹಾಗೆ ನೋಡುತ್ತಿದ್ದಳು. ಒಂದು ಪರೆಯೂ ಹೋಗಿರಲಿಲ್ಲ. "ಹೂಂ" ಎಂದಳು. ಅಷ್ಟೇ. ಏರು ಹತ್ತಿ ಬಂದು, ಮುಂದಿನ ಬಾಗಿಲು ತೆರೆದು, ಸೀಟಿನ ಧೂಳು ಸೆರಗಿನಿಂದ ಕೊಡವಿ ಕೂತಳು. ನಾನು ಇನ್ನೂ ರಸ್ತೆಯಲ್ಲೇ ನಿಂತಿದ್ದೆ. "ಬರ್ತಿಯೋ, ನಾನೇ ಬಿಡ್ಲೋ?" ಎಂದಳು.

ಶಾಂತಕ್ಕ ಬಂಗಡೆ ಕಾಯಿಸಿದಳು. ಕಾನೂನಿನ ಪ್ರಕಾರ ಅದು ನನ್ನದು, ನಾನು ಗೆದ್ದ ಮೊದಲ ಇಡೀ ಬಂಗಡೆ. ಅರ್ಧ ಮುರಿದು ಎಲೆಯಲ್ಲಿಟ್ಟು ಕಟ್ಟೆಯ ಮೇಲೆ ನಿನಗೆಂದು ಇಟ್ಟೆ. ಕಾಗೆ ಬರಲಿ ಎಂದು ಮೂವರೂ ಬಾಗಿಲಲ್ಲಿ ನಿಂತು ಕಾದೆವು. ಎಲ್ಲಿಂದಲೋ ಒಂದು ಬೋಳು ಬಾಲದ ಬೆಕ್ಕು ಹಾರಿ ಬಂದು ಕಚ್ಚಿಕೊಂಡು ಗುಡ್ಡ ಹತ್ತಿತು. ಅತ್ತೆ ಹೌಹಾರಿದಳು. ಶಾಂತಕ್ಕ, "ಅಂವನೇ. ಅಂವ ಯಾವಾಗ ಸರದಿ ಕಾದಂವ?" ಎಂದಳು. ಮೂವರೂ ನಕ್ಕೆವು, ಆಮೇಲೆ ಶಾಂತಕ್ಕ ಕಣ್ಣು ಒರೆಸಿಕೊಂಡಳು, ಅತ್ತೆ ಅವಳ ಬೆನ್ನ ಮೇಲೆ ಕೈ ಇಟ್ಟಳು. ರುಚಿಯಾಗಿತ್ತಾ ಪಪ್ಪಾ? ಮುಳ್ಳು ಒಡೆಯದ ಬಂಗಡೆ, ನನ್ನ ಕೈಯಿಂದ, ಕೊನೆಗೂ.

ಇನ್ನೊಂದು ಸುದ್ದಿ ಇದೆ, ಅದಕ್ಕೇ ಇಷ್ಟೆಲ್ಲ ಬರೆದದ್ದು. ಸಂತೆ ಮುಗಿಸಿ ಬರುವಾಗ ಅತ್ತೆ ಅಮದಳ್ಳಿ ದಾಟುವವರೆಗೂ ನನ್ನ ಬಲಗಾಲನ್ನೇ ನೋಡುತ್ತಿದ್ದಳು. ಆಮೇಲೆ, "ಎರಡೇ ಪೆಡ್ಲು. ಕಾಲು ಒಂದೇ ಸಾಕು. ಗೇರ್ ಅದೇ ಹಾಕ್ಕಂತದೆ. ಮತ್ತೆ ಇದ್ರಲ್ಲಿ ನೀವು ಮಾಡೂದೆಂತಾ?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, "ನಂಗೂ ಬರ್ಬಹುದಾ?" ಎಂದಳು. ಬುಟ್ಟಿ ಹೊ‌ತ್ತು ಹೊತ್ತು ನಡುನೆತ್ತಿಯ ಕೂದಲು ಸವೆದ ನನ್ನ ಅತ್ತೆ, ನನ್ನ ಗಾಡಿಯಲ್ಲಿ ಕೂರಲು ಒಪ್ಪದಿದ್ದವಳು.

ಬರುವ ಭಾನುವಾರದಿಂದ ಶುರು. ಮೊದಲು ದೇವಸ್ಥಾನದ ಬಯಲು, ಆಮೇಲೆ ಚೆಂಡಿಯಾದ ಏರು. ಶಾಂತಕ್ಕನಿಗೆ ಹೇಳಿಟ್ಟಿದ್ದೇನೆ, ಸಾಗವಾನಿ ಎಲೆಯೂ ತಂದಿಟ್ಟಿದ್ದೇನೆ. ನಾನು ಬೈಯುವುದಿಲ್ಲ, ಕಾಲಿನ ವಿಷಯಕ್ಕೆ ಬಿಟ್ಟು. ಅವಳು ಗೆದ್ದರೆ ಇಡೀ ಬಂಗಡೆ ಅವಳದ್ದು. ಚಪ್ಪಟೆಯಾದವೆಲ್ಲ ನನ್ನವು ಪಪ್ಪಾ, ಒಂದೊಂದೇ ಮುಳ್ಳು ಬಿಡಿಸಿ ತಿನ್ನುತ್ತೇನೆ.

ನಿನ್ನ ಬಾಯ್